ಟವೆಲ್ ಹೊದಿಸಿ ಕೇಳಿಸುವ ಅರ್ಲೀನ್

ಅಮೆರಿಕದ ಡುಲೂತ್‌ನಲ್ಲಿ ಚಳಿಗಾಲದ ಬೆಳಗು ಸೋಮಾರಿ. ಸರೋವರದ ಮೇಲೆ ಬೆಳಕು ಇನ್ನೂ ಸರಿಯಾಗಿ ಮೂಡಿಲ್ಲ. ಹಿಮ ಬಾಚುವ ಗಾಡಿ ಆಗಲೇ ಹೋಗಿದೆ, ಮೊದಲ ಬಸ್ಸು ಇನ್ನೂ ಬಂದಿಲ್ಲ. ನಡುವಿನ ಈ ಸದ್ದಿಲ್ಲದ ಹೊತ್ತಿಗಾಗಿಯೇ ಅರ್ಲೀನ್ ಕೊಸ್ಕಿ ಇಷ್ಟು ಬೇಗ ತಮ್ಮ ಕಂಪ್ಯೂಟರ್ ರಿಪೇರಿ ಅಂಗಡಿಯ ಬಾಗಿಲು ತೆಗೆಯುತ್ತಾರೆ. ಒಳಗೆ ಬಂದೊಡನೆ ಅವರು ಮೊದಲು ಮಾಡುವ ಕೆಲಸ ಹೀಟರ್ ಆರಿಸುವುದು. ಅದು ಗೊರಗೊರ ಎನ್ನುತ್ತದಂತೆ! ಹಾಗಾಗಿ ಕೋಟು, ಟೊಪ್ಪಿಗೆ ಹಾಕಿಕೊಂಡೇ ಕೆಲಸಕ್ಕೆ ಕೂರುತ್ತಾರೆ.

ಮೇಜಿನ ಮೇಲೆ ಎರಡು ಕಂಪ್ಯೂಟರ್‌ಗಳಿವೆ. ಎರಡಕ್ಕೂ ಟವೆಲ್ ಹೊದಿಸಿದೆ, ಮನೆಯ ಸೌನಾ ಎಂಬ ಹಬೆಕೋಣೆಯಲ್ಲಿ ದುಡಿದು ಸವೆದ ಟವೆಲ್ಲುಗಳು. ಒಂದರೊಳಗೆ ಧ್ವನಿಯ ಕೆಲಸ ನೋಡಿಕೊಳ್ಳುವ ದುಬಾರಿ ಸೌಂಡ್ ಕಾರ್ಡ್, ಇನ್ನೊಂದರೊಳಗೆ ಅಗ್ಗದ್ದು. ಯಾವುದರಲ್ಲಿ ಯಾವುದು ಎಂದು ಗಿರಾಕಿಗೆ ಗೊತ್ತಿರುವುದಿಲ್ಲ. ಅರ್ಲೀನ್ ಎರಡರ ವಾಲ್ಯೂಮನ್ನೂ ಮೀಟರ್ ಹಿಡಿದು ಸಮ ಮಾಡಿ, ಕಿವಿಗೆ ಹೆಡ್‌ಫೋನ್ ಕೊಟ್ಟು, ಒಂದೇ ಹಾಡನ್ನು ಎರಡು ಸಲ ಕೇಳಿಸುತ್ತಾರೆ. ಗಿರಾಕಿ ಇಂಥದ್ದು ಚೆನ್ನಾಗಿದೆ ಎಂದ ಮೇಲೆಯೇ ಟವೆಲ್ ಸರಿಯುವುದು.

“ಡಬ್ಬದ ಮೇಲಿನ ಬೆಲೆ ನೋಡಿದ್ರೆ ಕಿವಿ ಕೆಡುತ್ತೆ,” ಎನ್ನುತ್ತಾರೆ ಅರ್ಲೀನ್. “ಅಷ್ಟು ದುಡ್ಡು ಸುರಿದ ಮೇಲೆ ಚೆನ್ನಾಗಿ ಕೇಳಿಸ್ತಿಲ್ಲ ಅನ್ನೋಕೆ ಯಾರಿಗೆ ಧೈರ್ಯ ಬರುತ್ತೆ ಹೇಳಿ? ಇನ್ನು ವಾಲ್ಯೂಮ್ ಒಂಚೂರು ಜಾಸ್ತಿ ಇದ್ರೆ ಅದೇ ಒಳ್ಳೇದು ಅನ್ನಿಸಿಬಿಡುತ್ತೆ. ನನಗೂ ಹಾಗೇ.”

ಹಡಗು ರಿಪೇರಿಯ ಯಾರ್ಡಿನಲ್ಲಿ ಅವರು ಎಲೆಕ್ಟ್ರಿಷಿಯನ್ ಆಗಿದ್ದವರು. ಸುತ್ತಿಗೆ ಸದ್ದಿನಲ್ಲಿ ಎಡಗಿವಿ ಹೋಯಿತು, ಆಮೇಲೆ ಯಾರ್ಡು ಮುಚ್ಚಿ ಕೆಲಸವೂ ಹೋಯಿತು. ಬೀಗ ಬಿದ್ದಿದ್ದ ಲಾಂಡ್ರಿಯೊಂದನ್ನು ಬಾಡಿಗೆಗೆ ಹಿಡಿದು ಅಂಗಡಿ ತೆರೆದರು. ಒಂದೇ ಕಿವಿಯವರು ಧ್ವನಿಯ ವ್ಯಾಪಾರ ಮಾಡುವುದೇ ಎಂದು ನಕ್ಕವರೂ ಇದ್ದರು. ಟವೆಲ್ಲಿನ ಪದ್ಧತಿ ಹುಟ್ಟಿದ್ದು ಅದರಿಂದಲೇ. “ನನ್ನ ಕಿವಿ ನಂಬಬೇಡಿ, ನಿಮ್ಮದನ್ನ ಒಂದು ಗಳಿಗೆ ಸಾಲ ಕೊಡಿ ಅಂತ ಕೇಳ್ದೆ. ಪಾಪ, ಇಡೀ ಊರೇ ಕೊಡ್ತು. ನನ್ನ ಹೊಟ್ಟೆ ಹೊರೆದಿದ್ದು ಈ ಜನರ ಕಿವಿಗಳು,” ಎನ್ನುವಾಗ ಅವರ ದನಿ ಮೆತ್ತಗಾಗುತ್ತದೆ.

ಹೆಚ್ಚಿನವರು ವ್ಯತ್ಯಾಸ ತಿಳಿಯದೆ ಅಗ್ಗದ್ದನ್ನೇ ಕೊಂಡುಹೋಗುತ್ತಾರೆ. ಹಾಗೆಂದು ಅರ್ಲೀನ್ ಅಗ್ಗದ್ದರ ಪಕ್ಷಪಾತಿಯಲ್ಲ. ಚರ್ಚಿನ ಗಾಯನ ತಂಡದ ಒರಿನ್, ನಾಲ್ಕು ಮೈಕಿನಲ್ಲಿ ಒಟ್ಟಿಗೆ ರೆಕಾರ್ಡ್ ಮಾಡಬೇಕೆಂದು ಬಂದಾಗ, ಅಗ್ಗದ್ದರಲ್ಲಿ ಅಷ್ಟು ಮೈಕಿಗೆ ಜಾಗವಿಲ್ಲವೆಂದು, ಯೋಚಿಸದೆ ದುಬಾರಿಯದನ್ನೇ ಕೈಗಿಟ್ಟರು. “ಏನಮ್ಮಾ, ಜ್ವರ ಗಿರ ಬಂದಿದೆಯಾ?” ಎಂದು ಒರಿನ್ ತಮ್ಮ ಹಣೆ ಮುಟ್ಟಿ ನೋಡಿದ್ದನ್ನು ನೆನೆದು ಅರ್ಲೀನ್ ಈಗಲೂ ನಗುತ್ತಾರೆ.

ಇವತ್ತು ಬಸ್ಸಿಗಿಂತ ಮೊದಲೇ ಬಾಗಿಲು ತಟ್ಟಿದವಳು ಬೆಥನಿ ರೂಕ್. ಕಾಗದದ ಕಾರ್ಖಾನೆಯಲ್ಲಿ ಕೆಲಸ ಕಳೆದುಕೊಂಡ ಮೇಲೆ, ಪುಸ್ತಕಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿಕೊಡುವ ಕೆಲಸಕ್ಕೆ ಪ್ರಯತ್ನಿಸುತ್ತಿದ್ದಾಳೆ. ದನಿ ಚೆನ್ನಾಗಿದೆ, ಆದರೆ ಹಿಂದೆ ಗುಂಯ್ ಎನ್ನುವ ಸದ್ದಿದೆ ಎಂದು ಪ್ರಕಾಶಕರು ಅವಳ ಮಾದರಿ ರೆಕಾರ್ಡಿಂಗನ್ನು ವಾಪಸು ಕಳಿಸಿದ್ದಾರೆ. ಮಧ್ಯಾಹ್ನದೊಳಗೆ ಸರಿಯಾದದ್ದು ತಲುಪದಿದ್ದರೆ ಪುಸ್ತಕ ಬೇರೆಯವರ ಪಾಲು. ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ ತಂದಿದ್ದಾಳೆ.

“ಪೇಟೆ ಅಂಗಡಿಯಲ್ಲಿ ಹೋದ ವಾರ ಒಳ್ಳೇ ಕಾರ್ಡ್ ಹಾಕಿಸ್ದೆ. ಆದ್ರೂ ಗುಂಯ್ ಹೋಗಿಲ್ಲ. ಇದಕ್ಕಿಂತ ದುಬಾರಿದು ಇದ್ರೆ ಕೊಟ್ಟುಬಿಡಿ,” ಎನ್ನುತ್ತಾಳೆ.

“ತಡಿ ಕಣಮ್ಮ, ಮೊದಲು ಕಾಫಿ ಕುಡಿ. ಮನೇಲಿ ಹೇಗೆ ಜೋಡಿಸಿದ್ಯೋ ಹಾಗೇ ಜೋಡಿಸು, ನೋಡೋಣ.”

ಬೆಥನಿ ಜೋಡಿಸುತ್ತಾಳೆ. ಅರ್ಲೀನ್ ಕಂಪ್ಯೂಟರಿನ ಬೆನ್ನ ಕಡೆ ಬಗ್ಗಿ ನೋಡಿ, ಕೂತಲ್ಲೇ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಹೊಸ ಕಾರ್ಡಿನ ತೂತುಗಳೆಲ್ಲ ಖಾಲಿ! ಮೈಕಿನ ವೈರು ಇರುವುದು ಹಳೆಯ ತೂತಿನಲ್ಲೇ, ಕಂಪ್ಯೂಟರಿನ ಜೊತೆಗೇ ಬಂದದ್ದರಲ್ಲಿ.

“ಅಯ್ಯೋ ದೇವರೇ,” ಎಂದು ಬೆಥನಿ ಮುಖ ಮುಚ್ಚಿಕೊಳ್ಳುತ್ತಾಳೆ. “ನಿನ್ನೆ ಸಂಜೆ ತಂಗಿಗೆ ಫೋನ್ ಮಾಡಿ, ಮೊದಲಿಗಿಂತ ಎಷ್ಟೋ ವಾಸಿ ಕಣೇ ಅಂದಿದ್ದೆ!”

“ಎಲ್ರೂ ಅನ್ನೋದು ಅದನ್ನೇ. ಒಬ್ಬ ಮಹಾರಾಯ ವೈರೇ ಹಾಕದ ಕಾರ್ಡನ್ನ ಒಂದು ವರ್ಷ ಇಡೀ ಹೊಗಳಿದ್ದ,” ಎಂದು ಅರ್ಲೀನ್ ಅವಳ ಬೆನ್ನು ತಟ್ಟುತ್ತಾರೆ.

ವೈರು ಜಾಗ ಬದಲಾಯಿಸುತ್ತಿದ್ದಂತೆ ಗುಂಯ್ ಮಾಯವಾಗುತ್ತದೆ. ಅಲ್ಲಿಗೆ ಬಿಟ್ಟರೆ ಅವರು ಅರ್ಲೀನ್ ಅಲ್ಲ. ಹೊಸ ಕಾರ್ಡಿನಲ್ಲಿ ಒಂದು ಪುಟ ಓದಿಸಿ, ಅದನ್ನು ಬಿಚ್ಚಿ, ಹನ್ನೆರಡು ಡಾಲರಿನ ಹಳೆಯ ಕಾರ್ಡೊಂದನ್ನು ಕೂರಿಸಿ, ಅದೇ ಪುಟವನ್ನು ಮತ್ತೆ ಓದಿಸುತ್ತಾರೆ. ಯಾವುದು ಯಾವುದೆಂದು ಕಾಣದಂತೆ ಟವೆಲ್ ಹೊದಿಸಿ ಎರಡನ್ನೂ ಕೇಳಿಸುತ್ತಾರೆ. ಬೆಥನಿ ಕಣ್ಣು ಮುಚ್ಚಿ ಮತ್ತೆ ಮತ್ತೆ ಕೇಳಿ ಕೊನೆಗೆ ತಲೆಯಾಡಿಸುತ್ತಾಳೆ, “ನನಗೇನೂ ವ್ಯತ್ಯಾಸ ಗೊತ್ತಾಗ್ತಿಲ್ಲ.” ಮೀಟರಿನ ಮುಳ್ಳೂ ಅದನ್ನೇ ಹೇಳುತ್ತದೆ.

“ಒಂದೇ ಮೈಕು, ಒಂದೇ ದನಿ. ನಿನ್ನ ಕೆಲಸಕ್ಕೆ ಇದು ಸಾಕು. ಆ ದುಬಾರಿದನ್ನ ಪೇಟೆಯವರಿಗೆ ವಾಪಸ್ ಕೊಡು, ಇನ್ನೂ ಅವಧಿ ಇದೆ. ಬಂದ ದುಡ್ಡಲ್ಲಿ ಕಿಟಕಿಗೆ ದಪ್ಪ ಪರದೆ ಹಾಕಿಸು. ಬೀದಿ ಸದ್ದು ಒಳಗೆ ಬರಲ್ಲ, ಅದರಿಂದ ಜಾಸ್ತಿ ಉಪಯೋಗ.”

ಹಳೆಯ ಕಾರ್ಡಿನಲ್ಲೇ ಓದಿದ ಹೊಸ ಮಾದರಿ ಪ್ರಕಾಶಕರಿಗೆ ಹೊರಟಿತು. ಹತ್ತಕ್ಕೆ ಉತ್ತರವಿಲ್ಲ. ಹನ್ನೊಂದಕ್ಕೂ ಇಲ್ಲ. ಬೆಥನಿ ಫೋನನ್ನು ಅಂಗೈಯಲ್ಲಿಟ್ಟುಕೊಂಡು ಅದೇ ತಣ್ಣನೆಯ ಕಾಫಿ ಗುಟುಕರಿಸುತ್ತಿದ್ದಾಳೆ. ಅರ್ಲೀನ್ ಪಕ್ಕದಲ್ಲಿ ಕೂತು ಯಾರದೋ ಕೀಬೋರ್ಡಿನ ಧೂಳು ಕೊಡವುತ್ತಾರೆ, ಕೊಡವಿದ್ದನ್ನೇ ಮತ್ತೆ ಕೊಡವುತ್ತಾರೆ.

ಹನ್ನೆರಡಕ್ಕೆ ಸ್ವಲ್ಪ ಮುಂಚೆ ಫೋನು ಟಣ್ ಎಂದಿತು. ಓದಿದ ಬೆಥನಿ ಎದ್ದು ಬಂದು, ಅರ್ಲೀನರನ್ನು ಕೋಟಿನ ಸಮೇತ ಅಪ್ಪಿಕೊಂಡಳು. ಬಲಗಿವಿಯ ಬಳಿ ಬಾಗಿ ಹೇಳಿದಳು, “ಪುಸ್ತಕ ನನಗೇ ಕೊಟ್ಟಿದ್ದಾರೆ. ನಿಮ್ಮ ಋಣ ಹೇಗೆ ತೀರಿಸ್ಲಿ?”

“ಯಾವ ಕಾರ್ಡು ಅಂತ ಕೇಳಿದ್ರಾ?”

“ಇಲ್ಲ.”

“ನೋಡು ಮತ್ತೆ. ಅವರಿಗೆ ಕೇಳಿಸಿದ್ದು ನಿನ್ನ ದನಿ ಮಾತ್ರ, ಕಾರ್ಡು ಕೇಳಿಸ್ಲೇ ಇಲ್ಲ,” ಎಂದು ಅರ್ಲೀನ್ ಮೂಗು ಒರೆಸಿಕೊಳ್ಳುತ್ತಾರೆ. “ನನ್ನ ಕೆಲಸ ಅಷ್ಟೇ ಕಣಮ್ಮ.”