ಬಡಿಗೇರ ಬೇವು, ಸಿದ್ದಣ್ಣನ ಮಾವು

ಮಾವಿನಕಾಯಿಯ ತೊಟ್ಟು ಮುರಿದಾಗ ಚಿಮ್ಮುವ ಸೊನೆಗೆ ಒಂದು ವಾಸನೆಯಿದೆ. ಕರ್ಪೂರಕ್ಕೂ ಟರ್ಪೆಂಟೈನಿಗೂ ನಡುವಿನ, ಮೂಗಿನ ಒಳತುದಿಯನ್ನು ಸುಡುವ ವಾಸನೆ. ಬೇಸಿಗೆಯಲ್ಲಿ ಉಪ್ಪಿನಕಾಯಿಗೆಂದು ಕಾಯಿ ತಂದು ನೆಲಕ್ಕೆ ಸುರಿದರೆ ಉಳಿದವರಿಗೆ ಅಜ್ಜಿಮನೆಯ ಭರಣಿ ನೆನಪಾಗುತ್ತದಂತೆ. ನನಗೆ ಒಂದು ಉಳಿ ನೆನಪಾಗುತ್ತದೆ. ಮಣ್ಣು ಮೆತ್ತಿದ ನನ್ನ ಸೋದರತ್ತೆಯ ಮೊಣಕೈ ನೆನಪಾಗುತ್ತದೆ. ಇಷ್ಟು ವರ್ಷ ಕಳೆದರೂ ಆರದ ಒಂದು ಸಿಟ್ಟು ಒಳಗೆ ಎದ್ದು ಕೂರುತ್ತದೆ. ನೀವು ಬೆಳೆದ ಮನೆಯನ್ನೂ ಯಾರಾದರೂ ನಗುನಗುತ್ತ ಮುರಿದಿದ್ದರೆ, ಆ ಸಿಟ್ಟು ಎಂಥದೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಮನೆ ಆಳಂದ ತಾಲೂಕಿನಲ್ಲಿ, ಮಟಕಿಯ ಕಡೆ ಹೋಗುವ ಹಾದಿಯ ಒಂದು ಸಣ್ಣ ಊರಿನಲ್ಲಿತ್ತು. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಮುತ್ಯಾ, ಅಂದರೆ ನನ್ನ ಅಪ್ಪನ ಅಪ್ಪ, ಊರಿಗೆ ಬಡಿಗ. ಬಂಡಿ, ಕುಂಟೆ, ಕೂರಿಗೆ, ತೊಟ್ಟಿಲು ಎಲ್ಲ ಅವನ ಕೈಯಲ್ಲೇ ಆಗಬೇಕು. ಅವ್ವ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ಅಪ್ಪ ಆಳಂದದ ಬೇಳೆ ಮಿಲ್ಲಿನಲ್ಲಿ ದುಡಿಯುತ್ತ ವಾರಕ್ಕೊಮ್ಮೆ ಬರುತ್ತಿದ್ದ. ನನ್ನನ್ನು ಬೆಳೆಸಿದವರು ಮುತ್ಯಾ ಮತ್ತು ಅವನ ಮಗಳು ನೀಲತ್ತಿ. ಅತ್ತಿ ಅಫಜಲಪುರದ ಗಂಡನ ಮನೆಯನ್ನು ಮೂರೇ ತಿಂಗಳಲ್ಲಿ ಬಿಟ್ಟು ಬಂದವಳು, ಯಾಕೆಂದು ಯಾರಿಗೂ ಹೇಳಿದವಳಲ್ಲ. ಬಂದ ಮರುದಿನದಿಂದಲೇ ಮುತ್ಯಾನ ಉಳಿಗಳನ್ನು ಸಾಣೆ ಹಿಡಿಯತೊಡಗಿದಳಂತೆ. ಮುತ್ಯಾನ ಕೆಲಸವೆಲ್ಲ ಮನೆಯ ಪಕ್ಕದ ಬೇವಿನ ಕೆಳಗೆ. ಆ ಬೇವು ಎಷ್ಟು ಅಗಲವಾಗಿತ್ತೆಂದರೆ ಎರಡು ಬಂಡಿ ಬಿಚ್ಚಿಟ್ಟು, ನಾಲ್ಕು ಗಾಲಿ ಹರವಿ, ಕೆಲಸ ಮುಗಿಯಲೆಂದು ಕಾದು ಕೂತ ರೈತರು ಕಂಬಳಿ ಹಾಸಿ ಮಲಗಿದರೂ ನೆರಳು ಉಳಿಯುತ್ತಿತ್ತು. ಚೈತ್ರದಲ್ಲಿ ಹೂ ಉದುರಿ ಮುತ್ಯಾನ ತಲೆರುಮಾಲಿನ ಮಡಿಕೆಗಳಲ್ಲಿ ತುಂಬಿಕೊಳ್ಳುತ್ತಿತ್ತು. ಸಂಜೆ ಅವನು ರುಮಾಲು ಕೊಡವಿದಾಗ ಪಡಸಾಲೆಯೆಲ್ಲ ಕಹಿಜೇನಿನ ಕಂಪು.

ಶಾಲೆಯಲ್ಲಿ ಕಲಿತದ್ದು ಬಹಳ ಮರೆತಿದ್ದೇನೆ, ಆ ನೆರಳಿನಲ್ಲಿ ಕಲಿತದ್ದು ಮರೆತಿಲ್ಲ. ಮುತ್ಯಾ ನನ್ನ ಕಣ್ಣು ಮುಚ್ಚಿಸಿ ಅಂಗೈಯಲ್ಲಿ ಒಂದು ಚಕ್ಕೆ ಇಡುತ್ತಿದ್ದ. ಮೂಸಿ, ತೂಗಿ, ನಾಲಿಗೆಗೆ ಮುಟ್ಟಿಸಿ ಯಾವ ಮರವೆಂದು ಹೇಳಬೇಕು. ಜಾಲಿ ಭಾರ, ಒಗರು. ಬೇವಿನ ಚಕ್ಕೆ ಹಗುರ, ಕಹಿ. ಎಲೆ ನೋಡಿ ಗುರುತಿಸುವುದನ್ನೂ ಕಲಿಸಿದ: ಬೇವಿನ ಕಡ್ಡಿಗೆ ಎರಡೂ ಬದಿ ಗರಗಸದ ಹಲ್ಲಿನ ಎಲೆ ಸಾಲಾಗಿ ಕೂತಿರುತ್ತದೆ, ಹೆಬ್ಬೇವಿನಲ್ಲಿ ಆ ಕಡ್ಡಿಯೇ ಮತ್ತೆ ಕವಲೊಡೆದು ಎಲೆ ಹೊತ್ತಿರುತ್ತದೆ, ದೂರದಿಂದ ಎರಡೂ ಒಂದೇ ಎಂದು ಮೋಸಹೋಗುವವರು ಬಹಳ. ಒಂದು ಸಲ ಕೊಯ್ದ ದಿಮ್ಮಿಯ ಮುಖಕ್ಕೆ ನೀರು ಚಿಮುಕಿಸಿ ನನ್ನ ಬೆರಳು ಹಿಡಿದು ಹೊರಗಿನಿಂದ ಒಳಕ್ಕೆ ಎಳೆದುಕೊಂಡು ಹೋದ. ಹೊರಗಿನದು ಒಣ ತೊಗಟೆ, ಮರದ ಅಂಗಿ. ಅದರ ಒಳಗೆ ಹಸಿ ತೊಗಟೆ, ಎಲೆಯಲ್ಲಿ ಅಡುಗೆಯಾದ ಊಟ ಬೇರಿಗೆ ಇಳಿಯುವ ದಾರಿ. ಆಮೇಲೆ ಉಗುರಿಗೆ ಲೋಳೆಯಂತೆ ಹತ್ತುವ ಒಂದು ಪೊರೆ, ಒಳಕ್ಕೆ ಕಟ್ಟಿಗೆಯನ್ನೂ ಹೊರಕ್ಕೆ ತೊಗಟೆಯನ್ನೂ ಹೆರುವುದು ಅದೇ. ಅದರಾಚೆ ನೀರು ಏರುವ ಬಿಳಿ ಕಟ್ಟಿಗೆ. ನಟ್ಟನಡುವೆ ಕಪ್ಪಗಿನ ಕೆಚ್ಚು. ಕೆಚ್ಚಿನಲ್ಲಿ ಜೀವವಿಲ್ಲ ಎಂದಾಗ ನಾನು ನಂಬಲಿಲ್ಲ. "ಸತ್ತದ್ದು ಹೊರ್ತದ, ಬದುಕಿದ್ದು ಉಣಸ್ತದ," ಅಂದ ಮುತ್ಯಾ. ಆಡುಗಳು ಬುಡದ ಸುತ್ತ ತೊಗಟೆ ತಿಂದಿದ್ದ ಒಂದು ಮರವನ್ನು ಅವನು ಉಳಿಸಿದ್ದನ್ನೂ ಕಂಡಿದ್ದೇನೆ. ಎಳೆ ಕಡ್ಡಿಗಳನ್ನು ಗಾಯದ ಮೇಲಿಂದ ಕೆಳಕ್ಕೆ ಸೇತುವೆಯ ಹಾಗೆ ಸೇರಿಸಿ ಬಟ್ಟೆ ಕಟ್ಟಿದ್ದ. ಬೇಗ ನೋಡಿದರೆ ಮಾತ್ರ ಹೀಗೆ ಉಳಿಸಬಹುದು, ಬೇರು ಹಸಿದು ಸತ್ತಮೇಲೆ ಯಾರಿಂದಲೂ ಆಗದು ಎಂದಿದ್ದ.

ಪಕ್ಕದ ಮನೆ ಸಿದ್ದಣ್ಣನದು. ನೂರು ಎಕರೆ ಇದ್ದವನೇನಲ್ಲ, ಆದರೆ ಮಾತಿನಲ್ಲಿ ಇನ್ನೂರು ಎಕರೆಯವನು. ಅವನ ಮಗಳು ಮಹಾದೇವಿ ನನ್ನ ಓರಗೆಯವಳು, ನನ್ನ ಜೀವದ ಗೆಳತಿ. ಒಂದು ಯುಗಾದಿಯ ಹೊತ್ತಿಗೆ ಸಿದ್ದಣ್ಣನಿಗೆ ಬೇವು ನಿಂತ ಜಾಗದ ಮೇಲೆ ಕಣ್ಣುಬಿತ್ತು. ಅಲ್ಲಿ ಜೋಳದ ಗೋದಾಮು ಕಟ್ಟಬೇಕಿತ್ತು. ಬೇವು ತನ್ನಪ್ಪ ನೆಟ್ಟದ್ದು, ಜಾಗ ತನ್ನದು ಎಂದು ಹಿರಿಯರನ್ನು ಕಟ್ಟೆಗೆ ಸೇರಿಸಿದ. ಸಾಕ್ಷಿಗೆ ಅವನು ತೋರಿಸಿದ್ದು ಬೇವಿನ ಕಾಂಡದಲ್ಲಿದ್ದ ಕಬ್ಬಿಣದ ಬಳೆ. ಎತ್ತು ಕಟ್ಟುವ ಆ ಬಳೆಯನ್ನು ತನ್ನ ಮದುವೆಯ ವರ್ಷ ಎದೆಮಟ್ಟಕ್ಕೆ ಹೊಡೆದವನು ಮುತ್ಯಾ. ಈಗಲೂ ಅದು ಅವನ ಎದೆಮಟ್ಟಕ್ಕೇ ಇತ್ತು, ಅರ್ಧ ತೊಗಟೆಯಲ್ಲಿ ಮುಳುಗಿ.

"ನಮ್ಮಪ್ಪ ಕರಾ ಕಟ್ಟಾಕ ಮೊಣಕಾಲ ಮಟ ಹೊಡದಿದ್ದ. ಗಿಡಾ ಬೆಳದಂಗ ಬಳಿ ಮ್ಯಾಲ ಹೋಗ್ಯಾದ," ಅಂದ ಸಿದ್ದಣ್ಣ.

ಮುತ್ಯಾ ಎದ್ದು ನಿಂತ. ಸಭೆಯಲ್ಲಿ ಅವನು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. "ಗಿಡಾ ತುದಿಗೆ ಬೆಳಿತದ್ರಿ. ಬುಡಾ ದಪ್ಪ ಆಗ್ತದ ಅಷ್ಟೇ. ಮೊಣಕಾಲಿಗೆ ಹೊಡದ ಬಳಿ ನೂರು ವರ್ಷ ಆದ್ರೂ ಮೊಣಕಾಲಿಗೇ ಇರ್ತದ."

"ಕೂಸು ಬೆಳದ್ರ ಹೊಕ್ಕಳಾ ಮ್ಯಾಲ ಹೋಗಂಗಿಲ್ಲೇನ್ರಿ?" ಅಂದ ಸಿದ್ದಣ್ಣ.

ಕಟ್ಟೆಯೆಲ್ಲ ನಕ್ಕಿತು. ಮುತ್ಯಾ ಮಾಡಿದ ಬಂಡಿಯಲ್ಲಿ ಕೂತು ಬಂದವರೇ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದೆ ಕೂತವನು ಕಿರಾಣಿ ಅಂಗಡಿಯ ಖಾಸಿಂಸಾಬ ಒಬ್ಬನೇ. ಮುತ್ಯಾ ಇನ್ನೊಂದು ಮಾತು ಆಡಲು ಬಾಯಿ ತೆರೆದು, ಯಾರೂ ತನ್ನ ಕಡೆ ನೋಡುತ್ತಿಲ್ಲವೆಂದು ಕಂಡು ಸುಮ್ಮನೆ ಕೂತ. ಬೇವು ಸಿದ್ದಣ್ಣನದಾಯಿತು.

ಎರಡು ದಿನದಲ್ಲಿ ಕಡಿದರು. ಖಜೂರಿ ಕಡೆಯಿಂದ ಲಾರಿ ಬಂತು. ಗರಗಸದವರು ದಿಮ್ಮಿಯನ್ನು ಅಡ್ಡಾದಿಡ್ಡಿ ಸೀಳಿ ಹಾಳುಮಾಡುತ್ತಿದ್ದರೆ ತಡೆಯಲಾರದೆ ಮುತ್ಯಾ ಅವರ ಬಳಿ ಹೋಗಿ ಯಾವ ಬದಿಯಿಂದ ಕೊಯ್ಯಬೇಕೆಂದು ತೋರಿಸಿ ಬಂದ. ಅದನ್ನು ನೆನೆದಾಗಲೆಲ್ಲ ಇಂದಿಗೂ ನಾನು ಹಲ್ಲು ಕಚ್ಚುತ್ತೇನೆ. ಆಮೇಲೆ ಬಿಸಿಲು ನೇರ ಅಂಗಳಕ್ಕೆ ಬಿತ್ತು. ಹಸಿ ಕಟ್ಟಿಗೆ ಬಿರಿಯತೊಡಗಿತು. ಕೆಲಸ ಕೊಡಲು ಬಂದವರು ಹೊಕ್ಕಳಿನ ಮಾತೆತ್ತಿ ನಗುತ್ತಿದ್ದರು. ಮುತ್ಯಾ ಮರ ಕೆತ್ತುವ ಬಾಚಿಯನ್ನು ಜಂತಿಗೆ ಸಿಕ್ಕಿಸಿದವನು ಮತ್ತೆ ಇಳಿಸಲಿಲ್ಲ. ಗೋಡೆಯ ಕಡೆ ಮುಖಮಾಡಿ ಮಲಗಿರುತ್ತಿದ್ದ. ಶ್ರಾವಣದಲ್ಲಿ ಹಾಗೆಯೇ ಮಲಗಿದ್ದಲ್ಲೇ ತೀರಿಕೊಂಡ. ಅತ್ತಿ ಅಳಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಸಾಣೆಕಲ್ಲು ತೊಳೆದು, ಅವನ ಉಳಿಗಳಲ್ಲಿ ಅಗಲವಾದದ್ದನ್ನು ಆರಿಸಿ, ಬಹಳ ಹೊತ್ತು ಹರಿತ ಮಾಡಿದಳು.

ಸಿದ್ದಣ್ಣನ ಬಾವಿಯ ಬಳಿ ಒಂದು ಮಾವಿನ ಮರವಿತ್ತು. ಅದರ ಹಣ್ಣಿಗೆ ಆಳಂದದ ಬಜಾರದಿಂದ ಜನ ಬರುತ್ತಿದ್ದರು. ಅವನು ಹೆಂಡತಿಯ ಹೆಸರನ್ನಾದರೂ ಮರೆತಾನು, ಆ ಮರದ ಮಾತು ಬರದೆ ಅವನ ದಿನ ಮುಗಿಯುತ್ತಿರಲಿಲ್ಲ. ಭಾದ್ರಪದದಲ್ಲಿ ಅವರ ಮನೆಯವರೆಲ್ಲ ಚೌಡಾಪುರದ ನೆಂಟರ ಕಾರ್ಯಕ್ಕೆಂದು ಹೋದಾಗ, ಮಟಮಟ ಮಧ್ಯಾಹ್ನ, ಅತ್ತಿ ಹುಲ್ಲಿನ ಬುಟ್ಟಿಯಲ್ಲಿ ಉಳಿ ಇಟ್ಟುಕೊಂಡು ನನ್ನನ್ನು ಕರೆದಳು. ಎಲ್ಲಿಗೆಂದು ನಾನು ಕೇಳಲಿಲ್ಲ. ಬುಡದ ಮಣ್ಣನ್ನು ಒಂದು ಗೇಣು ಕೆದರಿದೆವು. ಮಳೆಗಾಲದಲ್ಲಿ ತೊಗಟೆ ಸಡಿಲ, ಉಳಿ ತಾಕಿದರೆ ಚರ್ಮದಂತೆ ಬಿಚ್ಚಿಕೊಳ್ಳುತ್ತದೆ. ಅರ್ಧ ಸುತ್ತು ಅತ್ತಿ ಬಿಡಿಸಿದಳು. ಉಳಿದರ್ಧಕ್ಕೆ ಉಳಿಯನ್ನು ನನ್ನ ಕೈಗೆ ಕೊಟ್ಟಳು. ನಾಲ್ಕು ಬೆರಳಗಲ, ಸುತ್ತ ಎಲ್ಲಿಯೂ ತುಂಡಾಗದ ಪಟ್ಟಿ. ಬಿಳಿ ಕಟ್ಟಿಗೆಗೆ ಒಂದು ಗೀರು ಕೂಡ ಬೀಳಬಾರದು, ನೀರು ಏರುತ್ತಿರಬೇಕು, ಎಲೆ ಹಸಿರಾಗಿರಬೇಕು, ಅವನಿಗೆ ತಿಳಿಯಬಾರದು ಎಂದು ಅತ್ತಿ ಮೆಲ್ಲಗೆ ಹೇಳುತ್ತಿದ್ದಳು. ಲೋಳೆಯನ್ನು ಬಟ್ಟೆಯಿಂದ ಒರೆಸಿ ತೆಗೆದಳು. ಮೇಲೆ ಮಣ್ಣು ಮುಚ್ಚಿ ಹುಲ್ಲು ಹೊದಿಸಿದೆವು. ಹನ್ನೊಂದು ವರ್ಷದ ನನಗೆ ಆಗ ಆದದ್ದು ಸಂತೋಷ ಎಂದು ಬರೆಯಲು ಇವತ್ತಿಗೂ ನಾಚಿಕೆಯಿಲ್ಲ.

ಆಮೇಲೆ ಏನು ನಡೆಯುತ್ತದೆಂದು ಅತ್ತಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಮರುವರ್ಷ ಆ ಮಾವು ಹಿಂದೆಂದೂ ಬಿಡದಷ್ಟು ಹೂ ಬಿಟ್ಟಿತು. ಕೊಂಬೆಗಳಿಗೆ ಕವಲುಗೋಲು ಆನಿಸಬೇಕಾಯಿತು. ಸಿದ್ದಣ್ಣ ಹಾದಿಯಲ್ಲಿ ಹೋಗುವವರನ್ನು ನಿಲ್ಲಿಸಿ ಹಣ್ಣು ಕೊಡುತ್ತಿದ್ದ. ಬಡಿಗನ ಶಾಪ ತನಗೆ ವರವಾಯಿತು ಎಂದು ನಮ್ಮ ಬಾಗಿಲ ಮುಂದೆ ನಿಂತು ಹೇಳಿದ. ನಾನು ಅತ್ತಿಯ ಮೇಲೆ ಸಿಡುಕಿದೆ. ಅವಳು ಅಕ್ಕಿ ಆರಿಸುತ್ತ, ತಿನ್ನಲಿ ಬಿಡು ಎಂದಷ್ಟೇ ಅಂದಳು. ಒಂದು ದಿನ ಮಹಾದೇವಿ ಲಂಗದ ಮಡಿಕೆಯಲ್ಲಿ ಮುಚ್ಚಿಕೊಂಡು ಅಪ್ಪನಿಗೆ ಕಾಣದಂತೆ ನನಗೊಂದು ಹಣ್ಣು ತಂದಳು. ತನ್ನಪ್ಪ ಮಾಡಿದ್ದು ತಪ್ಪು ಎಂದು ಅವಳ ಅವ್ವ ಅಳುತ್ತಾಳೆಂದು ಹೇಳಿದಳು. ಆ ಹೊತ್ತಿಗೆ ಮರವನ್ನು ಇನ್ನೂ ಉಳಿಸಬಹುದಿತ್ತು. ನಾಲ್ಕು ಎಳೆ ಕಡ್ಡಿ, ಒಂದು ಬಟ್ಟೆ ಸಾಕಿತ್ತು. ಅದು ನನಗೆ ಗೊತ್ತಿತ್ತು. ನಾನು ಸಿಪ್ಪೆಯನ್ನೂ ಬಿಡದೆ ಹಣ್ಣು ತಿಂದೆ, ಬಾಯಿ ಒರೆಸಿಕೊಂಡೆ, ಸುಮ್ಮನಿದ್ದೆ.

ದೀಪಾವಳಿಯ ನಂತರ ಎಲೆಗಳು ಬಿಳಿಚಿಕೊಂಡವು. ಸಂಕ್ರಾಂತಿಗೆ ತುದಿಗಳು ಒಣಗಿದವು. ಸಿದ್ದಣ್ಣ ಗೊಬ್ಬರ ಹಾಕಿದ, ಕುರಿಯ ರಕ್ತ ಹೊಯ್ಯಿಸಿದ, ಗಾಣಗಾಪುರದಿಂದ ಯಾರನ್ನೋ ಕರೆಸಿ ದೃಷ್ಟಿ ತೆಗೆಸಿದ. ಬುಡ ಕೆದರಿ ನೋಡಲು ಮಾತ್ರ ಅವನಿಗೆ ಹೊಳೆಯಲಿಲ್ಲ. ಕೊನೆಗೆ ಒಂದು ಸಂಜೆ ನಮ್ಮ ಬಾಗಿಲಿಗೆ ಬಂದು ನಿಂತ. ಮುಖ ಇಳಿದುಹೋಗಿತ್ತು. ಗಿಡದ ವಿದ್ಯೆ ಊರಲ್ಲಿ ಉಳಿದದ್ದು ನಿಮ್ಮ ಮನೆಯಲ್ಲೊಂದೇ, ಬಂದು ನೋಡಬೇಕು ಎಂದು ಬೇಡಿಕೊಂಡ.

ಅತ್ತಿ ಒಳಗಿನಿಂದಲೇ ಮಾತಾಡಿದಳು. "ಮೊದ್ಲ ಊರ ಕಟ್ಟಿ ಮ್ಯಾಲ ಬಾ. ಅವತ್ತು ನಕ್ಕವ್ರು ಎಲ್ಲಾರೂ ಬರ್ಲಿ. ಬಳಿ ಮ್ಯಾಲ ಹೋಗ್ತದೋ ಇಲ್ಲೋ, ಅದನ್ನ ಹೇಳು. ಆಮ್ಯಾಲ ನಿನ್ನ ಗಿಡದ ಬ್ಯಾನಿ ನಾ ಹೇಳ್ತೇನಿ."

ಮರುದಿನ ಬೆಳಿಗ್ಗೆ ಅವನು ಹೇಳಿದ. ತಲೆ ಬಗ್ಗಿಸಿ, ಎಲ್ಲರಿಗೂ ಕೇಳುವ ಹಾಗೆ. "ಬಳಿ ಮ್ಯಾಲ ಹೋಗಂಗಿಲ್ರಿ. ನಮ್ಮಪ್ಪ ಹೊಡದಿದ್ದಿಲ್ಲ. ನಾ ಸುಳ್ಳು ಹೇಳಿದೆ." ಖಾಸಿಂಸಾಬ ಎರಡೂ ಕೈ ಮುಖದ ಮೇಲೆ ಸವರಿಕೊಂಡು, ಬಡಿಗೇರ ಮುದುಕ ಖರೇನೇ ಹೇಳಿದ್ದ ಅಂದ. ಈ ಸಲ ಯಾರೂ ನಗಲಿಲ್ಲ.

ಎಲ್ಲರೂ ಬಾವಿಯ ಬಳಿಗೆ ನಡೆದರು. ಅತ್ತಿ ಬುಡದ ಮಣ್ಣು ಕೆದರಲು ಹೇಳಿದಳು. ಸಿದ್ದಣ್ಣ ತಾನೇ ಕೈಯಿಂದ ಕೆದರಿದ. ನಾಲ್ಕು ಬೆರಳಗಲದ ಪಟ್ಟಿ ಕಾಣಿಸಿತು. ಅದರ ಮೇಲಂಚಿನ ತೊಗಟೆ ಇಳಿಯಲಾಗದ ಊಟ ನಿಂತು ತುಟಿಯಂತೆ ಊದಿಕೊಂಡಿತ್ತು. ಕೆಳಗಿನದು ಸುಕ್ಕುಗಟ್ಟಿ ಕರಿಯಾಗಿತ್ತು. ಇದನ್ನು ಮಾಡಿದವರು ಯಾರೆಂದು ಯಾರೋ ಕೇಳಿದರು.

"ನಾನ ಮಾಡೀನಿ," ಅಂದಳು ಅತ್ತಿ.

ಸಿದ್ದಣ್ಣ ತಲೆಯೆತ್ತಿದ. ಹೊಡೆಯುತ್ತಾನೆಂದು ನಾನು ಅತ್ತಿಯ ಸೀರೆ ಹಿಡಿದೆ. ಅವನು ಹೊಡೆಯಲಿಲ್ಲ, ಯಾವಾಗ ಎಂದು ಮಾತ್ರ ಕೇಳಿದ.

"ನಮ್ಮಪ್ಪ ಸತ್ತ ನಲವತ್ತು ದಿನಕ್ಕ. ಬುಡಕ್ಕ ಇಳೀಬೇಕಾದ ಊಟಾ ಮ್ಯಾಲೇ ನಿಂತು ಹಣ್ಣಾತು. ನೀ ಊರಿಗೆಲ್ಲಾ ಹಂಚಿ ತಿಂದದ್ದು ಅದರ ಬೇರಿನ ಪಾಲು."

ಅವನು ಮರಕ್ಕೆ ಹಣೆ ಹಚ್ಚಿ ಕೂತುಬಿಟ್ಟ. ಆ ದೃಶ್ಯಕ್ಕಾಗಿ ನಾನು ಎರಡು ವರ್ಷ ಕಾದಿದ್ದೆ. ಕಣ್ಣು ತುಂಬ ನೋಡಿದೆ. ಆಗಲೇ ಮಹಾದೇವಿ ಕಂಡದ್ದು. ಅವಳು ಮರವನ್ನೂ ಅತ್ತಿಯನ್ನೂ ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ಅತ್ತಿ ತನ್ನೊಬ್ಬಳ ಹೆಸರು ಹೇಳಿ ನನ್ನನ್ನು ಉಳಿಸಿದ್ದಳು, ಆದರೆ ನನ್ನ ಮುಖ ನನ್ನನ್ನು ಉಳಿಸಲಿಲ್ಲ.

"ಗೊತ್ತಿದ್ದೂ ತಿಂದೆಲ್ಲ," ಅಂದಳು ಮಹಾದೇವಿ. ಅವಳು ನನ್ನೊಡನೆ ಆಡಿದ ಕೊನೆಯ ಮಾತು ಅದು. ಮುಂದೆ ಅವಳನ್ನು ಜೇವರ್ಗಿಗೆ ಕೊಟ್ಟರು. ಮೆರವಣಿಗೆ ನಮ್ಮ ಮನೆಯ ಮುಂದೆ ಹಾದುಹೋದಾಗ ನಾನು ಬಾಗಿಲ ಹಿಂದೆ ನಿಂತಿದ್ದೆ.

ಹಿರಿಯರು ಅತ್ತಿಗೆ ಏನೂ ಶಿಕ್ಷೆ ವಿಧಿಸಲಿಲ್ಲ. ಆದರೆ ಅಂದಿನಿಂದ ಊರು ನಮಗೆ ಹೆದರತೊಡಗಿತು. ಹೆದರಿದ ಊರು ಕೆಲಸ ಕೊಡುವುದಿಲ್ಲ. ಗೋದಾಮನ್ನು ಸಿದ್ದಣ್ಣ ಕಟ್ಟಲೇ ಇಲ್ಲ. ಬೇವಿನ ಜಾಗ ಇಬ್ಬರಿಗೂ ಬೇಡವಾಗಿ ಮುಳ್ಳುಗಂಟಿ ಬೆಳೆಯಿತು. ಅಪ್ಪ ನಮ್ಮನ್ನು ಆಳಂದಕ್ಕೆ ಕರೆದುಕೊಂಡು ಬಂದ. ತೊಂಬತ್ತರ ಹೊತ್ತಿಗೆ ಊರಿನ ಮನೆಯ ಮಣ್ಣಿನ ಗೋಡೆಗಳು ಒಂದೊಂದೇ ಮಳೆಗೆ ಕರಗಿದವು, ಜಂತಿಗಳನ್ನು ಯಾರೋ ಹೊತ್ತೊಯ್ದರು.

ಅತ್ತಿ ಹಾಸಿಗೆ ಹಿಡಿದಾಗ, ಮನಸ್ಸಿಗೆ ಬೇಸರವಿದೆಯೇ ಎಂದು ಒಮ್ಮೆ ಕೇಳಿದೆ. "ಗಿಡಕ್ಕ ಅಳ್ತೇನಿ. ಅವನಿಗಲ್ಲ," ಅಂದಳು. ಅದೇ ವಾರ ತೀರಿಕೊಂಡಳು. ಸಿದ್ದಣ್ಣನೂ ಹೋದ, ಖಾಸಿಂಸಾಬನೂ ಹೋದ, ಅವತ್ತು ನಕ್ಕವರೂ ಒಬ್ಬೊಬ್ಬರಾಗಿ ಹೋದರು. ಈಗ ಕ್ಷಮಿಸಿಬಿಡು ಎಂದು ಹೇಳುವವರಿದ್ದಾರೆ. ಕ್ಷಮಿಸಬಹುದು. ಆದರೆ ಮುತ್ಯಾ ಸಭೆಯಲ್ಲಿ ಬಾಯಿ ತೆರೆದು ಸುಮ್ಮನೆ ಕೂತದ್ದನ್ನು ಕಂಡವರಲ್ಲಿ ಉಳಿದವಳು ನಾನೊಬ್ಬಳೇ. ಆ ಮನೆಯಿಂದ ನನ್ನ ಪಾಲಿಗೆ ಬಂದದ್ದು ಈ ಸಿಟ್ಟೊಂದೇ. ಇದನ್ನೂ ಇಳಿಸಿಬಿಟ್ಟರೆ ಅವನು ಏನು ಹೇಳಲು ಹೊರಟಿದ್ದನೆಂದು ಕೇಳಿಕೊಳ್ಳುವವರು ಕೂಡ ಯಾರೂ ಇರುವುದಿಲ್ಲ.