‘ಹೋಗ್ತೇನೆ’ ಎನ್ನುತ್ತಿದ್ದ ಲುದ್ಯಕ್ಕ

ಪುತ್ತೂರಿನ ಕಡೆ ಒಂದು ಮನೆಯಿಂದ ಹೊರಡುವಾಗ ಯಾರೂ ‘ಹೋಗ್ತೇನೆ’ ಎನ್ನುವುದಿಲ್ಲ. ಮರಳಿ ಬರುವುದಿರಲಿ, ಇಲ್ಲದಿರಲಿ, ‘ಬರ್ತೇನೆ’ ಎಂದೇ ಅಂಗಳಕ್ಕೆ ಇಳಿಯಬೇಕು. ಮನೆ ಮನೆಗೆ ಹೋಗಿ ಗಾಯಕ್ಕೆ ಮದ್ದು ಕಟ್ಟುವ ಲುದ್ಯಕ್ಕ ಮಾತ್ರ ‘ಹೋಗ್ತೇನೆ’ ಎನ್ನುತ್ತಿದ್ದಳು. ಕಬಕದ ಆದಂ ಕುಂಞಿ ತನ್ನ ಕಾಲಿನ ಹುಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು, “ಎಂತ ಅಕ್ಕ, ನನ್ನನ್ನು ಇವತ್ತೇ ಮೇಲೆ ಕಳಿಸ್ಲಿಕ್ಕುಂಟಾ? ಬರ್ತೇನೆ ಅನ್ನಿ ಮಾರಾಯ್ರೆ!” ಎಂದು ನಗುತ್ತಿದ್ದ. ಆಕೆ ನಗುತ್ತಿರಲಿಲ್ಲ.

ಮೊದಲು ಆಕೆಯೂ ಎಲ್ಲರ ಹಾಗೆಯೇ ಹೇಳುತ್ತಿದ್ದವಳು. ಗಂಡ ಕ್ರೈಸ್ತ ಸಭೆಯ ಉಪದೇಶಿ, ವಿಷಮಜ್ವರದಲ್ಲಿ ತೀರಿಹೋದ. ಸಭೆಯವರು ಅವನ ಬೈಬಲ್ ಚೀಲವನ್ನೂ ಕೆಲಸವನ್ನೂ ಆಕೆಗೇ ಕೊಟ್ಟು, ಇರಲು ಒಂದು ಕೋಣೆ ತೋರಿಸಿದರು. ಗಾಯ ತೊಳೆಯುವುದನ್ನು ಮಂಗಳೂರಿನಲ್ಲಿ ಆರು ತಿಂಗಳು ನಿಂತು ಕಲಿತಳು. ಐವತ್ತಾರನೇ ಇಸವಿಯಿಂದ ಪ್ರತಿ ಮಂಗಳವಾರ ಜಾಲ್ಸೂರಿನಲ್ಲಿ ಬಸ್ಸಿಳಿದು, ಮಂಡೆಕೋಲಿಗೆ ನಡೆಯುತ್ತಿದ್ದಳು. ಅಲ್ಲಿ ತಿಮ್ಮಕ್ಕ ಇದ್ದಳು.

ತಿಮ್ಮಕ್ಕ ಆ ಊರಿನ ಜಮೀನುದಾರ ಬೆಳ್ಯಪ್ಪ ಗೌಡರ ಒಡಹುಟ್ಟಿದ ಅಕ್ಕ. ಮೈಯಲ್ಲಿ ದೊಡ್ಡ ರೋಗ, ಅಂದರೆ ಕುಷ್ಠ, ಕಂಡದ್ದೇ ಗುಡ್ಡೆಯ ಆಚೆ ಅವಳಿಗೊಂದು ಗುಡಿಸಲು ಕಟ್ಟಿಸಿದ್ದರು. ಕೆಲಸದ ದುಗ್ಗಮ್ಮ ದಾರಿಯ ಚಪ್ಪಟೆ ಕಲ್ಲಿನ ಮೇಲೆ ಗಂಜಿ ಇಟ್ಟು, ಕೂಗಿ ಹೇಳಿ ಹಿಂದಿರುಗುತ್ತಿದ್ದಳು. ಆ ಕಲ್ಲನ್ನು ದಾಟಿ ಹೋಗುತ್ತಿದ್ದವಳು ಲುದ್ಯಕ್ಕ ಒಬ್ಬಳೇ.

ಮೊದಲ ದಿನವೇ ಬೆಳ್ಯಪ್ಪ ಗೌಡರು ಅಡ್ಡ ನಿಂತಿದ್ದರು. “ಮದ್ದು ಕಟ್ಟಿ, ಬೇಡ ಅನ್ನೂದಿಲ್ಲ. ನಿಮ್ಮ ಪುಸ್ತಕ ಚೀಲದಿಂದ ಹೊರಗೆ ಬಂದ್ರೆ ಮಾತ್ರ ಆಗ್ಲಿಕ್ಕಿಲ್ಲ.”

ಪುಸ್ತಕ ಹೊರಗೆ ಬರಲಿಲ್ಲ. ಆದರೆ ಒಂದು ದಿನ ತಿಮ್ಮಕ್ಕನೇ ಕೇಳಿದಳು: “ಅದರಲ್ಲಿ ನನ್ನಂಥವರು ಉಂಟಾ?”

“ಉಂಟು. ಯೇಸುಸ್ವಾಮಿ ಅವರನ್ನು ಮುಟ್ಟಿದ್ರು.”

“ಕೈಯಿಂದಲೇ?”

“ಕೈಯಿಂದಲೇ.”

ತಿಮ್ಮಕ್ಕ ತನ್ನ ಪಾದ ಹಿಡಿದಿದ್ದ ಲುದ್ಯಕ್ಕನ ಕೈಯನ್ನೇ ನೋಡುತ್ತ ಕೂತಳು. ಮುಂದಿನ ವಾರದಿಂದ ಬಿಚ್ಚಿದ ಬಟ್ಟೆಗಳನ್ನು ತಾನೇ ಕುದಿಸಿ, ಒಣಗಿಸಿ, ಬೆರಳಿಲ್ಲದ ಅಂಗೈಗಳ ನಡುವೆ ಉರುಳಿಸಿ ಉರುಳಿಸಿ ಸುರುಳಿ ಮಾಡಿ ಇಡತೊಡಗಿದಳು.

ಎರಡು ವರ್ಷವಾಯಿತು. ಸಭೆಯ ಹಿರಿಯ ದೇವದಾನಪ್ಪ ಆಕೆಯನ್ನು ಕರೆಸಿದ. “ಮಂಡೆಕೋಲಿನಲ್ಲಿ ಒಂದಾದ್ರೂ ದೀಕ್ಷಾಸ್ನಾನ ಉಂಟಾ? ಬರೀ ಬಟ್ಟೆ ಕಟ್ಟುದಾ?”

“ಗಾಯ ಉಂಟಲ್ಲ ಅಯ್ಯಾ, ಅದಕ್ಕೆ ಕಟ್ಟುದು.”

“ಬಾಯಿ ಜೋರುಂಟು ನಿಂಗೆ. ಕಡಬದಲ್ಲಿ ಹೊಸ ಕುಟುಂಬಗಳು ಬಂದಿದ್ದಾವೆ. ಮೂರು ತಿಂಗಳು ಅಲ್ಲಿರು.”

ಇರುವ ಕೋಣೆಯೂ ಸಭೆಯದ್ದೇ. ಆಗುವುದಿಲ್ಲ ಎನ್ನಲು ಆಕೆಗೆ ಬಾಯಿ ಬರಲಿಲ್ಲ.

ಕಡಬಕ್ಕೆ ಹೊರಡುವ ಮುಂಚಿನ ಕಡೆಯ ಮಂಗಳವಾರ, ಮೂರು ತಿಂಗಳು ಬರುವುದಿಲ್ಲ ಎಂದು ಹೇಳಿಬಿಡಬೇಕೆಂದೇ ಹೋಗಿದ್ದಳು. ಕಟ್ಟಿ ಮುಗಿಸಿ ಎದ್ದಾಗ ತಿಮ್ಮಕ್ಕ, “ಬರುವ ಮಂಗಳವಾರ ನಿಮಗೊಂದು ಗೆಣಸು ಸುಟ್ಟು ಇಡ್ತೇನೆ. ನನ್ನ ಕೈಯದ್ದು... ತಿನ್ತೀರಾ?” ಎಂದಳು. ಗುಡಿಸಲು ಸೇರಿದ ಹನ್ನೊಂದು ವರ್ಷದಲ್ಲಿ ಅವಳು ಯಾರನ್ನೂ ತಿನ್ನಲು ಕರೆದವಳಲ್ಲ. ಹೇಳಲು ಬಂದದ್ದನ್ನು ಲುದ್ಯಕ್ಕ ಹೇಳಲಿಲ್ಲ. “ತಿನ್ತೇನೆ. ಬರ್ತೇನೆ ತಿಮ್ಮಕ್ಕ” ಎಂದಳು. ಹೊರಡುವಾಗ ಎಲ್ಲರೂ ಹೇಳುವ ಮಾತೇ ಅಲ್ಲವೇ ಎಂದು ದಾರಿಯುದ್ದಕ್ಕೂ ತನಗೆ ತಾನೇ ಸಮಾಧಾನ ಮಾಡಿಕೊಂಡಳು. ಕಡಬದಿಂದ ಗೌಡರಿಗೊಂದು ಕಾಗದ ಹಾಕಬಹುದಿತ್ತು. ನಾಚಿಕೆಯಾಗಿ ಹಾಕಲಿಲ್ಲ.

ಮೂರು ತಿಂಗಳು ಕಳೆದು ಬಂದಾಗ ಗುಡಿಸಲ ಮುಂದೆ ದುಗ್ಗಮ್ಮ ಕೂತಿದ್ದಳು.

“ತಿಮ್ಮಕ್ಕ ತೀರಿಹೋಗಿ ಎಂಟು ದಿನ ಆಯ್ತು,” ಎಂದಳು ದುಗ್ಗಮ್ಮ. “ಕಾಲು ಕಪ್ಪಾಯ್ತು, ಜ್ವರ ಏರಿತು. ನಾನೇ ಹೆದರಿಕೊಂಡು ಹತ್ತಿರ ಬಂದೆ, ಕಟ್ಟಿ ಕೊಡ್ತೇನೆ ಅಂದೆ. ಮುಟ್ಲಿಕ್ಕೆ ಬಿಡ್ಲಿಲ್ಲ. ‘ಲುದ್ಯಕ್ಕ ಬರ್ತೇನೆ ಅಂದಿದ್ದಾರೆ, ಅವರು ಹೇಳಿದ ಮೇಲೆ ಬರ್ತಾರೆ’ ಅಂತ ಒಂದೇ ಹಟ.”

ಬೆಳ್ಯಪ್ಪ ಗೌಡರು ಕಲ್ಲಿನ ಹತ್ತಿರ ಬಂದು ನಿಂತಿದ್ದರು. “ಬರೂದಿಲ್ಲಾಂತ ಒಂದು ಮಾತು ಹೇಳ್ಬಹುದಿತ್ತಲ್ಲ? ನಾವು ಬೇರೆ ದಾರಿ ನೋಡ್ತಿದ್ದೆವು.”

“ಯಾವ ದಾರಿ ಧನಿಗಳೇ?” ದುಗ್ಗಮ್ಮ ತಿರುಗಿಬಿದ್ದಳು. “ಆ ಕಲ್ಲಿನಿಂದ ಈಚೆಗೆ ನಿಮ್ಮ ಕಾಲು ಬಂದದ್ದುಂಟಾ?”

ಗೌಡರು ತಲೆ ತಗ್ಗಿಸಿದರು. ಸಭೆಯವರು ಕಳಿಸಿದರು ಎಂದು ಲುದ್ಯಕ್ಕ ಹೇಳಬಹುದಿತ್ತು. ಆದರೆ ‘ಬರ್ತೇನೆ’ ಎಂದ ನಾಲಿಗೆ ಸಭೆಯದ್ದಲ್ಲ, ತನ್ನದು. ಒಳಗೆ ಹೋದಳು. ಗೋಡೆಯ ಮೂಲೆಯಲ್ಲಿ ಬಟ್ಟೆಯ ಸುರುಳಿಗಳು ಬೆಳ್ಳಗೆ ಸಾಲಾಗಿದ್ದವು. ಒಲೆಯ ಪಕ್ಕ ಬಾಳೆಲೆಯಲ್ಲಿ ಒಂದು ಸುಟ್ಟ ಗೆಣಸು.

“ಮಂಗಳವಾರ ಮಂಗಳವಾರ ಹೊಸತು ಸುಡ್ತಿದ್ರು,” ಎಂದಳು ದುಗ್ಗಮ್ಮ ಬಾಗಿಲಿನಿಂದ. “ಅದು ಕಡೆಯದ್ದು.”

ಗೆಣಸು ಒಣಗಿ ಗಟ್ಟಿಯಾಗಿತ್ತು. ಲುದ್ಯಕ್ಕ ಹೊಸ್ತಿಲಲ್ಲಿ ಕೂತು, ಗೌಡರು ನೋಡುತ್ತಿದ್ದಂತೆಯೇ ಅದನ್ನು ಮುರಿದು ಬಾಯಿಗಿಟ್ಟಳು. ಜಗಿಯಲು ಬಹಳ ಹೊತ್ತು ಹಿಡಿಯಿತು. ಪೂರ್ತಿ ತಿಂದು, ಸುರುಳಿಗಳನ್ನು ಚೀಲಕ್ಕೆ ತುಂಬಿಕೊಂಡು ಎದ್ದಳು.

ಅಭ್ಯಾಸದಿಂದ ತುಟಿ ಬಿಚ್ಚಿತು. ಮಾತನ್ನು ನುಂಗಿಕೊಂಡಳು. ಖಾಲಿ ಗುಡಿಸಲಿನ ಕಡೆ ತಿರುಗಿ, “ಹೋಗ್ತೇನೆ ತಿಮ್ಮಕ್ಕ,” ಎಂದಳು.