ಹುಟ್ಟು ಹಿಡಿದವಳ ಹೆಸರು

ಎಪ್ಪತ್ತರ ದಶಕದ ನಡುವಿನಲ್ಲಿ ಮುದ್ದೇಬಿಹಾಳ ತಾಲ್ಲೂಕಿನ, ಕೃಷ್ಣಾ ನದಿ ದಂಡೆಯ ಒಂದು ಊರಿನ ಶಾಲೆಯಲ್ಲಿ ನನಗೆ ನೌಕರಿ ಸಿಕ್ಕಿತು. ನಾನು ಇಂಡಿ ಕಡೆಯವಳು, ನಿಂಬೆ ತೋಟದ ಮನೆಯ ಮಗಳು. ನೀರೆಂದರೆ ನನಗೆ ಬಾವಿಯ ನೀರು. ಮೀನು ತಿನ್ನುವುದಿರಲಿ, ಜೀವಂತ ಮೀನನ್ನು ಹತ್ತಿರದಿಂದ ಕಂಡವಳೂ ಅಲ್ಲ.

ಶಾಲೆಗೆ ಬಾರದ ಮಕ್ಕಳ ಪಟ್ಟಿ ಮಾಡಲು ಮನೆಮನೆಗೆ ಹೋಗಬೇಕಿತ್ತು. ಅಂಬಿಗರ ಓಣಿಯಲ್ಲಿ ಒಬ್ಬ ಹೆಂಗಸು ಅಂಗಳದಲ್ಲಿ ಬಲೆ ಹರವಿಕೊಂಡು ಹರಿದಲ್ಲಿ ಹೆಣೆಯುತ್ತಿದ್ದಳು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳಿರಬೇಕು. ಗಂಡನ ಉದ್ಯೋಗ ಕೇಳಿದೆ. “ಮೀನ ಹಿಡೀತಾರ್ರಿ” ಅಂದಳು. ಅವಳ ಉದ್ಯೋಗದ ಜಾಗದಲ್ಲಿ ನಾನು ಕೇಳದೆಯೇ ‘ಮನೆಗೆಲಸ’ ಎಂದು ಬರೆದೆ.

“ಏನ್ ಬರದ್ರಿ ಅಕ್ಕೋರ?”

ಓದಿ ಹೇಳಿದೆ. ಅವಳು ನಕ್ಕಳು. “ಮನ್ಯಾಗ ನಾ ಇರೂದ ಕಮ್ಮಿ.”

“ಹಂಗಾದ್ರ ಏನ್ ಮಾಡ್ತೀರಿ?”

“ಅವರೇನ್ ಮಾಡ್ತಾರ ಅದನ್ನ ಮಾಡ್ತೇನ್ರಿ. ನಂಬಿಕಿ ಇಲ್ಲಂದ್ರ ಬಂದು ನೋಡ್ರಿ.”

ನಂಬಿಕೆಗಿಂತ ಕುತೂಹಲ ಹೆಚ್ಚಾಗಿತ್ತು. ರವಿವಾರ ಬೆಳಿಗ್ಗೆ ಹೋಗಿಯೇಬಿಟ್ಟೆ. ಹರಿಗೋಲಿನೊಳಗೆ ಒಂದು ಬದಿಗೆ ಅವಳು ಹುಟ್ಟು ಹಿಡಿದು ಕೂತಳು, ಗಂಡ ಬಲೆಯನ್ನು ಮೊಣಕೈಗೆ ಮಡಿಸಿಕೊಂಡು ನಿಂತ. ನಾನು ನಡುವೆ ಮುದುಡಿಕೊಂಡೆ. ಬಲೆ ಬೀಸುವವನೇ ಯಜಮಾನ ಎಂದುಕೊಂಡು ಅವನನ್ನೇ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ತಿಳಿಯಿತು, ಅವನು ಅವಳ ಕಡೆ ಕಿವಿಗೊಟ್ಟು ನಿಂತಿದ್ದ. ಅವಳು ಹರಿಗೋಲನ್ನು ಹಿಡಿದು ನಿಲ್ಲಿಸಿ “ಹಾಂ” ಅಂದರೆ ಮಾತ್ರ ಬಲೆ ಹಾರುತ್ತಿತ್ತು.

“ಇಲ್ಲೇ ಅಂತ ಹೆಂಗ ಗೊತ್ತಾಗ್ತೈತಿ?”

“ಅಲ್ಲಿ ನೀರ ಸುಕ್ಕಾಗೈತಿ ನೋಡ್ರಿ. ಕೆಳಗ ದೊಡ್ಡ ಕಲ್ಲ ಐತಿ. ಅದರ ಆಸರಕ್ಕ ಮೀನ ನಿಂದರ್ತಾವ.”

ನನಗೆ ಸುಕ್ಕು ಕಾಣಲಿಲ್ಲ, ಬಿಸಿಲು ಮಾತ್ರ ಕಂಡಿತು. ಹುಟ್ಟು ಒಮ್ಮೆ ನನ್ನ ಕೈಗೆ ಕೊಡಿ ಎಂದೆ. ಕೊಟ್ಟಳು. ಹರಿಗೋಲು ಇದ್ದಲ್ಲೇ ಗರಗರ ತಿರುಗತೊಡಗಿತು. ಎಷ್ಟು ಎಳೆದರೂ ಮುಂದೆ ಹೋಗಲೊಲ್ಲದು. ಗಂಡ ತಟ್ಟನೆ ಕೂತು ಅಂಚು ಹಿಡಿದುಕೊಂಡ. “ಅಕ್ಕೋರ, ಬಲಿ ಬದಲಿ ನಾನ ಬೀಳ್ತೇನಿ ನೀರಾಗ!” ಮೂವರೂ ನಕ್ಕೆವು. ಸೀರೆ ಮೊಣಕಾಲವರೆಗೆ ತೊಯ್ದಿತ್ತು.

ಹೆಂಗಸರು ಹರಿಗೋಲು ಹತ್ತಿದರೆ ಮೀನು ಸಿಗುವುದಿಲ್ಲ ಎಂದು ಆ ಓಣಿಯಲ್ಲಿ ಹೇಳುವುದನ್ನು ಕೇಳಿದ್ದೆ. ಹಾಗಾದರೆ ನೀವು ಹೇಗೆ ಹತ್ತಿದಿರಿ ಎಂದು ದಂಡೆಗೆ ಬಂದ ಮೇಲೆ ಕೇಳಿದೆ. ಮೊದಲು ಮೈದುನ ಹುಟ್ಟು ಹಾಕುತ್ತಿದ್ದನಂತೆ. ಅವನು ಸೊಲ್ಲಾಪುರದ ಗಿರಣಿಗೆ ಹೋದ ಮೇಲೆ ಬೇರೆ ಯಾರೂ ಇರಲಿಲ್ಲ.

“ನಾ ಹತ್ತಿದ್ದಕ್ಕ ನಮ್ಮತ್ತಿ ಮೂರು ದಿನ ಮಾತಾಡಲಿಲ್ರಿ. ನಾಕನೇ ದಿನ ಆಕಿನ ಬುತ್ತಿ ಕಟ್ಟಿಕೊಟ್ಳು.”

ಅದೇ ವರ್ಷ ಚಳಿಗಾಲದಲ್ಲಿ ಮೀನುಗಾರರ ಸೊಸೈಟಿ ಮಾಡಲು ಸಾಹೇಬರೊಬ್ಬರು ಊರಿಗೆ ಬಂದರು. ಸದಸ್ಯರಾದವರಿಗೆ ಬಲೆ ಹೆಣೆಯುವ ನೈಲಾನ್ ದಾರ ಸಿಗುತ್ತಿತ್ತು. ಮನೆಗೆ ಒಂದೇ ಹೆಸರು, ಅದೂ ಮೀನು ಹಿಡಿಯುವವರದು. ಅರ್ಜಿ ತುಂಬುವ ಕೆಲಸ ನನ್ನ ಪಾಲಿಗೆ ಬಂತು. ಚಾವಡಿಯಲ್ಲಿ ಗಂಡಸರು ಒಬ್ಬೊಬ್ಬರಾಗಿ ಹೆಸರು ಬರೆಸಿದರು. ಅವಳ ಗಂಡನ ಸರದಿ ಬಂದಾಗ ಅವನು, “ಆಕಿ ಹೆಸರು ಬರೀರಿ” ಅಂದ.

ಎಲ್ಲರೂ ಗೊಳ್ಳೆಂದರು. ಸಾಹೇಬರು, “ಮೀನು ಹಿಡಿಯುವವರ ಹೆಸರು ಬೇಕಪ್ಪಾ” ಎಂದರು.

“ಅದಕ್ಕ ಹೇಳಾಕತ್ತೇನ್ರಿ. ಬ್ಯಾಸಗ್ಯಾಗ ನಾ ಕೂಲಿಗೆ ಹೊರಗ ಹೋಗ್ತೇನಿ. ವರ್ಷಪೂರ್ತಿ ನೀರಾಗ ಇರಾಕಿ ಆಕಿ.”

ಓಣಿಯ ಹಿರಿಯನೊಬ್ಬ ಎದ್ದ. “ನಾಳೆ ಮೀಟಿಂಗಿಗೆ ಹೆಣ್ಮಗಳು ಬಂದು ನಮ್ಮ ಸಮ ಕುಂದರ್ತಾಳೇನು?”

ಹೊರಗೆ ನಿಂತಿದ್ದ ಅವಳು ಅಲ್ಲಿಂದಲೇ ಉತ್ತರ ಕೊಟ್ಟಳು. “ಜಾಗಾ ಇಲ್ಲಂದ್ರ ನಿಂದರ್ತೇನಿ ಬಿಡೋ ಯಪ್ಪಾ.”

ಗಂಡಸೇ ಆಗಬೇಕೆಂದು ನಿಯಮದಲ್ಲಿದೆಯೇ ನೋಡಿ ಎಂದು ಸಾಹೇಬರು ಪುಸ್ತಕವನ್ನು ನನ್ನತ್ತ ಸರಿಸಿದರು. ಎರಡು ಸಲ ಓದಿದೆ. ಎಲ್ಲೂ ಇರಲಿಲ್ಲ. ಹಾಗೆಂದು ಹೇಳಿ, ನಾನು ಹರಿಗೋಲಿನಲ್ಲಿ ಕಂಡದ್ದನ್ನೂ ಹೇಳಿದೆ. “ಮೇಲಿನವರು ಏನಂತಾರೋ ನೋಡೋಣ” ಎಂದು ಅವರು ಅವಳ ಹೆಸರನ್ನೇ ಬರೆಯಲು ಹೇಳಿದರು.

ಬೇಸಿಗೆ ಸೂಟಿಗೆ ಇಂಡಿಗೆ ಹೋದೆ. ಅವ್ವ ತೋಟದಲ್ಲಿ ನಿಂಬೆಹಣ್ಣು ಆರಿಸುತ್ತಿದ್ದಳು.

“ಅವ್ವಾ, ಈ ತೋಟ ಯಾರದು?”

“ನಿಮ್ಮಪ್ಪಂದು. ಯಾಕ?”

“ನೀರ ಹಾಯ್ಸಾಕಿ, ಹಣ್ಣ ಆರಸಾಕಿ ನೀನಲ್ಲ?”

ಅವ್ವ ನನ್ನ ಮುಖ ನೋಡಿದಳು. “ತೋಟದ ಉತಾರದ ಕಾಗದದಾಗ ನಿಮ್ಮಪ್ಪನ ಹೆಸರೈತಿ. ನಾ ಎಂದೂ ಕೇಳಿಲ್ಲ, ಅವರೂ ಎಂದೂ ಹೇಳಿಲ್ಲ.” ಆಮೇಲೆ ನಾನು ಹೇಳಿದ ನದಿಯ ಹಕೀಕತ್ತನ್ನೆಲ್ಲ ಕೆಲಸ ಬಿಟ್ಟು ಕೂತು ಕೇಳಿದಳು. ಆ ಗಂಡಸು ಕುಡಿದಿದ್ದನೇನು ಎಂದೂ ಕೇಳಿದಳು. ಇಲ್ಲ ಎಂದೆ. ಅವಳಿಗೆ ಪೂರ್ತಿ ನಂಬಿಕೆ ಬಂದಂತೆ ಕಾಣಲಿಲ್ಲ.

ನಾನು ಮರಳುವಷ್ಟರಲ್ಲಿ ಮಂಜೂರಾತಿ ಬಂದಿತ್ತು. ದಾರ ಅವಳ ಕೈಗೇ ಸಿಕ್ಕಿತ್ತು. ಆದರೆ ಓಣಿಯ ಗಂಡಸರು, ಕೂಲಿ ಮುಗಿಸಿ ಊರಿಗೆ ಬಂದ ಗಂಡನನ್ನು ಚೇಷ್ಟೆ ಮಾಡಿ ಮಾಡಿ ಸಾಕಾಗಿಸಿದ್ದರು. ಅವನು ಎರಡು ವಾರ ಮುಖ ಗಂಟು ಹಾಕಿಕೊಂಡೇ ಬಲೆ ಬೀಸಿದನಂತೆ. “ಹೆಸರ ತಗಸ್ಲೇನು ಅಂತ ಕೇಳ್ದೆ. ಬ್ಯಾಡ ಅಂದ್ರು. ಮತ್ಯಾಕ ಸಿಟ್ಟು ಅಂದ್ರ ಬಲಿ ಹೊತಗೊಂಡು ಹೊಳಿಗೆ ನಡದ್ರು” ಎಂದು ಅವಳೇ ಹೇಳಿದಳು.

ಸೊಸೈಟಿಯ ಮೀಟಿಂಗು ಬೆಳಿಗ್ಗೆ ಇರುತ್ತಿತ್ತು. ಅದೇ ಹೊತ್ತಿಗೆ ಅವಳು ಮೀನಿನ ಬುಟ್ಟಿ ಹೊತ್ತು ಸಂತೆಗೆ ಹೋಗಬೇಕು. ಎರಡು ಮೀಟಿಂಗು ತಪ್ಪಿದವು. ಮೂರನೆಯದಕ್ಕೆ ಬುಟ್ಟಿ ಸಮೇತ ಚಾವಡಿಗೆ ಬಂದು ನಡುವೆ ಇಳಿಸಿ, ಕೂತುಬಿಟ್ಟಳು. ಬಿಸಿಲೇರಿದಂತೆ ವಾಸನೆಯೂ ಏರಿತು. ಸೆರಗಿನಿಂದ ನೊಣ ಹೊಡೆಯುತ್ತ ಆರಾಮವಾಗಿ ಎಲ್ಲರ ಮಾತು ಕೇಳಿದಳಂತೆ. ಮುಂದಿನ ತಿಂಗಳಿನಿಂದ ಮೀಟಿಂಗು ಮಧ್ಯಾಹ್ನಕ್ಕೆ ಬಂತು. ಆಗ ಇನ್ನಿಬ್ಬರು ಹೆಂಗಸರು, ಗಂಡಂದಿರ ಹೆಸರಿನ ಜಾಗಕ್ಕೆ ತಮ್ಮ ಹೆಸರು ಹಾಕಿ ಎಂದು ಅರ್ಜಿ ಬರೆಸಲು ನನ್ನ ಹತ್ತಿರ ಬಂದರು. ಒಬ್ಬಳದು ಮಂಜೂರಾಯಿತು. ಇನ್ನೊಬ್ಬಳ ಅರ್ಜಿಯನ್ನು ಅವಳ ಗಂಡ ಹರಿದು ಹಾಕಿದ. ಅವಳು ಮರುವಾರ ಮತ್ತೆ ಬಂದು ಇನ್ನೊಂದು ಬರೆಸಿದಳು.